ಫಹೀಟಾಗೆ ದೊಡ್ಡಪತ್ರೆ

ಜುಲೈ ತಿಂಗಳ ಶನಿವಾರ. ಮೈಸೂರಿನಲ್ಲಿ ಓದುವ ಮಗಳು ಗೋಣಿಕೊಪ್ಪಕ್ಕೆ ಬಂದಿದ್ದಳು. "ಅಮ್ಮ, ಈ ಸಲ ಪಂದಿ ಕರಿ ಬೇಡ. ಫಹೀಟಾ ಮಾಡೋಣ" ಅಂದಳು. ಪಂದಿ ಕರಿ ಅಂದರೆ ನಮ್ಮ ಕೊಡಗಿನ ಹಂದಿ ಸಾರು. ಹೊರಗೆ ಬಿಡದೆ ಮಳೆ. ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು.

ಫಹೀಟಾ ಟೆಕ್ಸಾಸ್ ಮತ್ತು ಮೆಕ್ಸಿಕೋ ಗಡಿಯ ಅಡುಗೆ. ದನ ಮೇಯಿಸುವ ಕೆಲಸಗಾರರಿಗೆ ಹೊಟ್ಟೆ ಭಾಗದ ಗಟ್ಟಿ ಮಾಂಸ ಸಿಗುತ್ತಿತ್ತು. ಅದನ್ನು ಕೆಂಡದ ಮೇಲೆ ಸುಟ್ಟು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಫಾಹಾ ಅಂದರೆ ಪಟ್ಟಿ, ಹೆಸರು ಅಲ್ಲಿಂದ ಬಂದದ್ದು. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ. ಹಂದಿಯ ಬೆನ್ನಿನ ಕಡೆಯದು, ಕೊಬ್ಬು ಕಡಿಮೆ ಇರುವುದು, ಅರ್ಧ ಕೆಜಿ ತರಿಸಿದೆ.

ಮಸಾಲೆಗೆ ಮಿಕ್ಸಿ ಇಲ್ಲ, ಕುಟ್ಟಾಣಿಯೇ ಗತಿ. ಬ್ಯಾಡಗಿ ಮೆಣಸಿನ ಪುಡಿ 2 ಚಮಚ. ಅದರಲ್ಲಿ ಖಾರಕ್ಕಿಂತ ಬಣ್ಣ ಜಾಸ್ತಿ, ಅಲ್ಲಿಯವರು ಹಾಕುವ ಪ್ಯಾಪ್ರಿಕಾ ಅನ್ನುವ ಕೆಂಪು ಮೆಣಸಿನ ಪುಡಿಗೆ ಹತ್ತಿರ. ಜೀರಿಗೆ 1 ಚಮಚ, ನಮ್ಮ ತೋಟದ ಒಳ್ಳೆಮೆಣಸು ಅರ್ಧ ಚಮಚ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು, ಚಿಟಿಕೆ ಸಕ್ಕರೆ.

ಇದಕ್ಕೆ ಹಾಕುವ ಆರಿಗಾನೋ ಅನ್ನುವ ಘಮದ ಸೊಪ್ಪು ಮನೆಯಲ್ಲಿ ಇರಲಿಲ್ಲ. ಬಾವಿಕಟ್ಟೆ ಪಕ್ಕದ ದೊಡ್ಡಪತ್ರೆ ನೆನಪಾಯಿತು. ಆರಿಗಾನೋಗೆ ಆ ಘಾಟು ಕೊಡುವ ಕಾರ್ವಕ್ರಾಲ್ ಅನ್ನುವ ಎಣ್ಣೆಯ ಅಂಶ ಇದರಲ್ಲೂ ಇದೆ. ಐದು ಎಲೆ ಕಿತ್ತು ತಂದೆ. ದಪ್ಪ ಎಲೆ, ಮೇಲೆ ಸಣ್ಣ ರೋಮ, ಅದರಲ್ಲಿ ಮಳೆ ಹನಿ ಸಿಕ್ಕಿಕೊಂಡಿತ್ತು. ಒರೆಸಿ ಸಣ್ಣಗೆ ಹೆಚ್ಚಿ ಬೆಳ್ಳುಳ್ಳಿ ಜೊತೆ ಕುಟ್ಟಿದಾಗ ಅಡುಗೆಮನೆ ತುಂಬ ಬೇರೆಯದೇ ವಾಸನೆ. ಮಗಳು ಓಡಿ ಬಂದು, "ಇದೇ ಅಮ್ಮ, ಇದೇ!" ಅಂದಳು.

ಅತ್ತೆ ಪುಡಿ ಮೂಸಿ ನೋಡಿ, "ಜೀರಿಗೆ ಕಪ್ಪಾಗುವಷ್ಟು ಹುರೀಲಿಲ್ವಾ?" ಅಂತ ಕೇಳಿದರು. ಪಂದಿ ಕರಿಗೆ ಹಾಗೇ ಹುರಿಯಬೇಕು. ಇದಕ್ಕೆ ಪರಿಮಳ ಬಂದರೆ ಸಾಕು. ಅವರು ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ ರಸದ ಬಾಟಲಿಯನ್ನೂ ತಂದಿಟ್ಟರು. ನನಗೆ ಕಾಚಂಪುಳಿ ಅಂದರೆ ಪ್ರಾಣ. ಆದರೆ ಅದು ಬಿದ್ದರೆ ಬೇರೆ ರುಚಿಗಳೆಲ್ಲ ಹಿಂದೆ ಸರಿಯುತ್ತವೆ. ಒಂದು ನಿಂಬೆಹಣ್ಣು ಹಿಂಡಿ, ಎರಡು ಚಮಚ ಎಣ್ಣೆ ಸೇರಿಸಿ ಮಾಂಸಕ್ಕೆ ಕಲಸಿ ಒಂದು ಗಂಟೆ ಇಟ್ಟೆ.

ಕಲಸುವ ಮೊದಲೇ ಮಾಂಸದ ನಾರು ಯಾವ ಕಡೆ ಹೋಗಿದೆ ನೋಡಿ ಅದಕ್ಕೆ ಅಡ್ಡಲಾಗಿ ತೆಳ್ಳಗೆ ಕತ್ತರಿಸಿದ್ದೆ. ನಾರಿನ ಉದ್ದಕ್ಕೆ ಕತ್ತರಿಸಿದರೆ ಎಷ್ಟು ಅಗಿದರೂ ಮುಗಿಯಲ್ಲ.

ಸೌದೆ ಒಲೆ ಮೇಲೆ ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾಯಿಸಿದೆ. ಆದರೂ ಮೊದಲ ಸಲ ಕೆಟ್ಟಿತು. ಅರ್ಧದಷ್ಟು ಮಾಂಸ ಒಟ್ಟಿಗೆ ಹಾಕಿಬಿಟ್ಟೆ. ಕಾವಲಿ ತಣ್ಣಗಾಗಿ ನೀರು ಬಿಟ್ಟಿತು, ಮಾಂಸ ಹುರಿಯುವ ಬದಲು ಬೇಯತೊಡಗಿತು. ಬೂದಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಬೇಜಾರಾಯಿತು. ಉಳಿದದ್ದನ್ನು ಒಂದೊಂದೇ ಹಿಡಿ ಹಾಕಿದೆ. ಹಾಕಿ ಮುಟ್ಟದೆ ಬಿಟ್ಟೆ. ತಿರುಗಿಸಿದರೆ ಅಂಚಿನಲ್ಲಿ ಕಪ್ಪುಗೆಂಪು ಗೆರೆ, ನಡುವೆ ಹೊಳಪು. ಹಂದಿಯಾದ್ದರಿಂದ ಒಳಗೆ ಕೆಂಪು ಉಳಿಯದ ಹಾಗೆ ಬೇಯಿಸಿದೆ. ಅದೇ ಕಾವಲಿಯಲ್ಲಿ ದೊಣ್ಣೆ ಮೆಣಸಿನಕಾಯಿ, ಈರುಳ್ಳಿ ಉದ್ದಕ್ಕೆ ಹೆಚ್ಚಿ ಹಾಕಿದೆ. ತಳಕ್ಕೆ ಹಿಡಿದ ಮಸಾಲೆಯನ್ನೆಲ್ಲ ಈರುಳ್ಳಿ ಎಳೆದುಕೊಂಡಿತು.

ಅಲ್ಲಿ ಗೋಧಿ ಟೋರ್ಟಿಯಾ ಬಳಸುತ್ತಾರೆ. ಅತ್ತೆ ಆಗಲೇ ಅನ್ನ ಮತ್ತು ಅಕ್ಕಿಹಿಟ್ಟು ನಾದಿಟ್ಟಿದ್ದರು. ಅವರ ರೊಟ್ಟಿ ಕೆಂಡದ ಮೇಲೆ ಉಬ್ಬುತ್ತೆ, ಮಡಚಿದರೆ ಮುರಿಯಲ್ಲ. ಅದರೊಳಗೆ ಮಾಂಸ, ಮೆಣಸಿನಕಾಯಿ, ಸ್ವಲ್ಪ ಗಟ್ಟಿ ಮೊಸರು. ಮೂವರೂ ಒಲೆ ಸುತ್ತಲೇ ಕೂತು ತಿಂದೆವು. ಮಗಳು ನಾಲ್ಕು ರೊಟ್ಟಿ ಮುಗಿಸಿದಳು.

ಕೊನೆಯ ರೊಟ್ಟಿಗೆ ಅತ್ತೆ ಬಾಟಲಿಯಿಂದ ಎರಡು ಹನಿ ಕಾಚಂಪುಳಿ ಬಿಟ್ಟರು. ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿ, "ಈಗ ತಿಂದು ನೋಡು ಮಗ" ಅಂದರು.