ನೆಮ್ಮದಿಗಲ್ಲ, ನೋಡೋಕೆ

16 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಗೊಬ್ಬರದ ಗುಡ್ಡೆ ತಿರುವಿ ಹಾಕಿದೆ. ಮೇಲಿನ ತರಗೆಲೆ ಸರಿಸಿದ್ದೇ ತಡ, ಹಬೆ ಎದ್ದಿತು. ಒಳಗೆ ಕೈ ಹಾಕಿದರೆ ಹತ್ತು ಎಣಿಸುವಷ್ಟು ಹೊತ್ತೂ ಇಡೋಕಾಗಲಿಲ್ಲ. ಸರಿಯಾಗಿ ಕಟ್ಟಿದ ಗುಡ್ಡೆಯ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಕಳೆ ಬೀಜಗಳು, ರೋಗಾಣುಗಳು ಬಹುಪಾಲು ಅಲ್ಲೇ ಸಾಯುತ್ತವೆ. ಬೆಂಕಿ ಇಲ್ಲ, ಕರೆಂಟ್ ಇಲ್ಲ. ಕಣ್ಣಿಗೆ ಕಾಣದ ಜೀವಿಗಳು ಉಂಡು ಬದುಕುವಾಗ ಹುಟ್ಟುವ ಬಿಸಿ ಅಷ್ಟೇ.

ಹಸಿರು ಜಾಸ್ತಿಯಾದರೆ ಗುಡ್ಡೆ ನಾರುತ್ತದೆ, ಒಣಗಿದ್ದು ಜಾಸ್ತಿಯಾದರೆ ಕೊಳೆಯದೆ ಹಾಗೇ ಕೂತಿರುತ್ತದೆ. ಒಣಗಿದ್ದರಲ್ಲಿ ಇಂಗಾಲ ಜಾಸ್ತಿ, ಹಸಿರಿನಲ್ಲಿ ಸಾರಜನಕ ಜಾಸ್ತಿ; ಪುಸ್ತಕದ ಲೆಕ್ಕದಲ್ಲಿ 25–30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ನನ್ನದು ಮೂಗಿನ ಲೆಕ್ಕ. ಒಂದು ಹಿಡಿ ತೆಗೆದು ಹಿಂಡುತ್ತೇನೆ. ಒಂದೆರಡು ಹನಿ ಬಿದ್ದರೆ ಸರಿ, ಧಾರೆ ಇಳಿದರೆ ಒಣ ಎಲೆ ಸುರಿಯಬೇಕು. ಗಾಳಿ ಆಡಲಿ ಅಂತ ತಿರುವಿ ಹಾಕುವುದು. ಬೆನ್ನು ಮಾತ್ರ ಇದನ್ನೆಲ್ಲ ಒಪ್ಪುವುದಿಲ್ಲ!

ಮಧ್ಯಾಹ್ನ ಸ್ನೇಹಿತರ ಮನೆಯವರೆಲ್ಲ ಬಂದಿದ್ದರು. “ಎಷ್ಟು ನೆಮ್ಮದಿ ಅಲ್ವಾ ನಿಮಗೆ?” ಅಂದರು. ಬಂದವರೆಲ್ಲ ಹೇಳುವ ಮಾತೇ. ಭಾನುವಾರ ಅಂತ ಕೋಳಿಗೂಡನ್ನು ತಡವಾಗಿ ತೆರೆಯೋಕಾಗುತ್ತಾ? ಕಳೆಗೆ ರಜೆ ಇದೆಯಾ? ಬರೀ ನೆಮ್ಮದಿ ಹುಡುಕಿಕೊಂಡು ಜಮೀನಿಗೆ ಬರುವವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸುಸ್ತಾಗುತ್ತಾರೆ. ತುಂಡು ಭೂಮಿಯಿಂದಲೇ ಇಡೀ ಸಂಸಾರ ಆರಾಮಾಗಿ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ಸುಮ್ನೆ ನಂಬಬೇಡಿ. ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ಬೇರೆ. ನೋಡಿದಷ್ಟೂ ಮುಗಿಯುವುದಿಲ್ಲ, ಅದು.

ಅವರ ಮಗಳು ಕಾಯಿ ಬಿಟ್ಟು ಮುಗಿದಿದ್ದ ಒಂದು ಅಲಸಂದೆ ಗಿಡವನ್ನು ಬೇರು ಸಮೇತ ಕಿತ್ತಳು. “ಅಂಕಲ್, ಇದಕ್ಕೆ ರೋಗ ಬಂದಿದೆ. ಬೇರಿನ ತುಂಬ ಗಂಟು!” ಒಂದು ಗಂಟನ್ನು ಉಗುರಿನಿಂದ ಸೀಳಿ ಅವಳ ಅಂಗೈಮೇಲೆ ಇಟ್ಟೆ. ಒಳಗೆ ತಿಳಿ ಗುಲಾಬಿ ಬಣ್ಣ. ಅದರೊಳಗೆ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ವಾಸ ಇರುತ್ತದೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಗುಲಾಬಿ ಇದ್ದರೆ ಕೆಲಸ ನಡೀತಿದೆ ಅಂತ. ಹಸಿರೋ ಕಂದೋ ಆಗಿದ್ದರೆ ನಿಂತಿದೆ ಅಂತ. ಆಮೇಲೆ ಅವಳು ಸಾಲಿನಲ್ಲಿದ್ದ ಗಿಡಗಳನ್ನೆಲ್ಲ ಕೀಳೋಕೆ ಹೊರಟಳು, ತಡೆಯುವಷ್ಟರಲ್ಲಿ ಸಾಕಾಯಿತು. ಬೆಳೆ ಮುಗಿದ ಗಿಡವನ್ನು ಬುಡಕ್ಕೆ ಕೊಯ್ದು ಬೇರನ್ನು ಮಣ್ಣಲ್ಲೇ ಬಿಡುವುದು ನಮ್ಮ ಪದ್ಧತಿ.

ಎರೆಹುಳು ಕಂಡಾಗ ಅವಳಿಗೆ ಡಾರ್ವಿನ್ ಕತೆ ಹೇಳಿದೆ. ಅಷ್ಟು ದೊಡ್ಡ ವಿಜ್ಞಾನಿ ಎರೆಹುಳುಗಳನ್ನು ಕುಂಡದಲ್ಲಿ ಸಾಕಿ, ಅವುಗಳಿಗೆ ಕಿವಿ ಕೇಳಿಸುತ್ತದಾ ಅಂತ ನೋಡೋಕೆ ಬಸ್ಸೂನ್ ವಾದ್ಯ ಊದಿಸಿದ್ದ. ಹುಳುಗಳು ಕ್ಯಾರೇ ಅನ್ನಲಿಲ್ಲ. ಕುಂಡವನ್ನು ಪಿಯಾನೋ ಮೇಲೆ ಇಟ್ಟು ಬಾರಿಸಿದರೆ ಮಾತ್ರ ಆ ನಡುಕಕ್ಕೆ ಸರಕ್ಕನೆ ಬಿಲ ಸೇರಿದವು. ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಮೇಲೆ ಬರುತ್ತದೆ ಅಂತ 1881ರಲ್ಲಿ ಬರೆದ. ಸಾಯುವ ಹಿಂದಿನ ವರ್ಷ ಅದು. ಆ ವಯಸ್ಸಿನಲ್ಲೂ ಹುಳು ನೋಡುತ್ತಾ ಕೂತಿದ್ದನಲ್ಲ, ಅಂಥವರಿಗೆ ಈ ಬದುಕು ಒಗ್ಗುತ್ತದೆ.

ಸ್ನೇಹಿತರು ಸಾವಯವ ಸರ್ಟಿಫಿಕೇಟ್ ಬಗ್ಗೆಯೂ ಕೇಳಿದರು. ರಾಸಾಯನಿಕ ಬಿಟ್ಟ ಮೇಲೆ ಸಾಮಾನ್ಯವಾಗಿ ಎರಡು–ಮೂರು ವರ್ಷ ಕಾಯಬೇಕು, ಏನು ಹಾಕಿದೆವು ಅಂತ ದಾಖಲೆ ಇಡಬೇಕು. ನಮ್ಮ ಅಡುಗೆಮನೆಗಷ್ಟೇ ಬೆಳೆದುಕೊಳ್ಳುವವರಿಗೆ ಆ ಉಸಾಬರಿ ಯಾಕೆ ಅಂತ ನನ್ನ ಅಭಿಪ್ರಾಯ.

ಅವರು ಹೊರಟ ಮೇಲೆ ಬದನೆ ಸಾಲು ನೋಡಿದೆ. ಎಲೆಯಡಿ ರಸ ಹೀರುವ ಗಿಡಹೇನು ಮುತ್ತಿದೆ. ಅದರ ನಡುವೆ ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿಗಳೂ ಬಂದಿವೆ. ಕಪ್ಪಗೆ, ಉದ್ದಕ್ಕೆ, ಮೈಮೇಲೆ ಕಿತ್ತಳೆ ಚುಕ್ಕೆ. ನೋಡೋಕೆ ಭಯ ಹುಟ್ಟಿಸುವ ಹಾಗಿವೆ, ಅದಕ್ಕೇ ಎಷ್ಟೋ ಜನ ಬೆಳೆ ಹಾಳುಮಾಡುವ ಕೀಟ ಅಂದುಕೊಂಡು ಹೊಸಕಿ ಹಾಕುತ್ತಾರೆ. ಆದರೆ ಹೇನನ್ನು ತಿನ್ನುವುದರಲ್ಲಿ ಇವು ನಿಸ್ಸೀಮ. ಸಾಬೂನು ನೀರು ಕಲಸಿಟ್ಟಿದ್ದೆ, ಹೊಡೆದರೆ ಈ ಮರಿಗಳಿಗೂ ಪೆಟ್ಟು. ಗುರುವಾರದವರೆಗೆ ಕ್ಯಾನ್ ಮುಟ್ಟಲ್ಲ. ಹೇನು ಗೆಲ್ಲುತ್ತಾ, ಮರಿಗಳು ಗೆಲ್ಲುತ್ತವಾ, ನೋಡೇಬಿಡೋಣ.