ಯಜಮಾನ್ರ ಬೆಲ್ಟ್ ಎಷ್ಟಕ್ಕೆ ಕೊಡ್ತೀರಿ?

ಪೆರುವಿನ ಪೀಸಾಕ್ ಸಂತೆಯಲ್ಲಿ ಅಜ್ಜಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು. ಊರಿಗೆ ಬಂದು ನಾಲ್ಕು ದಿನವಾಯಿತು. ಈಗಲೂ ಪಾತ್ರೆ ತೊಳೆಯುವಾಗ ನೆನಪಾಗಿ ಒಬ್ಬಳೇ ನಗುತ್ತೇನೆ.

ತಪ್ಪು ನಮ್ಮವರದೇ. ಅಜ್ಜಿ ಹೊದ್ದಿದ್ದ ಶಾಲಿಗೆ ಎದೆಯ ಮೇಲೆ ಒಂದು ಬೆಳ್ಳಿ ಪಿನ್ನು ಚುಚ್ಚಿತ್ತು. ತಲೆ ಚಮಚದ ಹಾಗೆ, ಬಾಲ ದಬ್ಬಳದ ಹಾಗೆ. ಅದಕ್ಕೆ ಅಲ್ಲಿ ತುಪು ಅಂತಾರೆ. ಮಾರಾಟಕ್ಕೆ ಹರಡಿದ್ದ ಹೊಸ ತುಪುಗಳು ಇವರಿಗೆ ಬೇಡ, ಅಜ್ಜಿಯ ಮೈಮೇಲಿದ್ದದ್ದೇ ಬೇಕು! ಅಜ್ಜಿ ತಲೆ ಅಲ್ಲಾಡಿಸಿತು. ಇವರು ರೇಟು ಏರಿಸಿದರು. ಮತ್ತೂ ಏರಿಸಿದರು. ದುಡ್ಡಿಗೆ ಬಗ್ಗದವರೇ ಇಲ್ಲ ಅನ್ನುವ ಜಾತಿ ನಮ್ಮವರದು. ಆಗ ಅಜ್ಜಿ ನನ್ನ ಕಡೆ ತಿರುಗಿ ಅಲ್ಲಿಯವರ ಭಾಷೆ ಕ್ವೆಚುವಾದಲ್ಲಿ ಏನೋ ಅಂದಿತು. ಮೊಮ್ಮಗಳು ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಬೆಲ್ಟ್ ಎಷ್ಟಕ್ಕೆ?

ಸರಿಯಾದ ಪ್ರಶ್ನೆ ಅಲ್ವಾ? ಸ್ಪೇನಿನವರು ಬರುವ ಮೊದಲು ಇಲ್ಲಿ ಆಳುತ್ತಿದ್ದ ಇಂಕಾಗಳ ಕಾಲದ ಹೆಂಗಸರ ಉಡುಪು ನಮ್ಮ ಸೀರೆಯ ಹಾಗೆ, ಮಗ್ಗದಿಂದ ಇಳಿದ ಇಡೀ ಬಟ್ಟೆ. ಕತ್ತರಿ, ಗುಂಡಿ ಯಾವುದೂ ಇಲ್ಲ. ಮೈಗೆ ಸುತ್ತಿಕೊಂಡು ಎರಡು ಭುಜಕ್ಕೆ ಎರಡು ತುಪು, ಮೇಲಿನ ಶಾಲಿಗೆ ಇನ್ನೊಂದು. ಬಡವರಿಗೆ ತಾಮ್ರದ್ದು, ದೊಡ್ಡ ಮನೆತನದವರಿಗೆ ಬೆಳ್ಳಿ, ಬಂಗಾರದ್ದು. ತಲೆಯ ಅಂಚು ಎಷ್ಟು ತೆಳುವಾಗಿತ್ತೆಂದರೆ ಅದರಲ್ಲೇ ಏನು ಬೇಕೋ ಕೊಯ್ದುಕೊಳ್ಳುತ್ತಿದ್ದರು ಅಂತ 17ನೇ ಶತಮಾನದ ಪಾದ್ರಿ ಬೆರ್ನಾಬೆ ಕೋಬೊ ಬರೆದಿಟ್ಟಿದ್ದಾನೆ.

ಲಿಮಾದ ಮ್ಯೂಸಿಯಮ್ಮಿನಲ್ಲಿ ಇವೇ ತುಪುಗಳ ಮುಂದೆ "ಕೂದಲಿನ ಪಿನ್ನಿರಬೇಕು" ಅಂತ ಮುಂದೆ ಹೋದ ಮನುಷ್ಯ ಇವರು. ಬಂಗಾರದ ಕೋಣೆಯಲ್ಲಿ ಮಾತ್ರ ಅರ್ಧ ಗಂಟೆ ಫೋಟೋ. ಇಂಕಾಗಳ ಬಂಗಾರ ಉಳಿದಿರುವುದೇ ಕಡಿಮೆ. 1532ರಲ್ಲಿ ಸ್ಪೇನಿನವರು ರಾಜ ಅತಹುವಾಲ್ಪನನ್ನು ಹಿಡಿದರು. ಬಿಡಿಸಿಕೊಳ್ಳಲು ಜನ ತಂದು ಸುರಿದ ಒಡವೆ, ಪಾತ್ರೆಗಳನ್ನೆಲ್ಲ ಕರಗಿಸಿದರು. ಸುಮಾರು 6 ಟನ್ ಬಂಗಾರದ ಗಟ್ಟಿ. ರಾಜನನ್ನು ಬಿಡಲೂ ಇಲ್ಲ, ಕೊಂದರು. ತಾಮ್ರದ ಪಿನ್ನುಗಳನ್ನು ಕೇಳುವವರಿರಲಿಲ್ಲ.

ನಾನು ನಿಂತದ್ದು ಆ ಪಿನ್ನುಗಳ ಮುಂದೆ. ಕುತ್ತಿಗೆಯ ಹತ್ತಿರ ಒಂದು ಸಣ್ಣ ತೂತು, ದಾರ ಕಟ್ಟೋದಕ್ಕೆ. ಬಿದ್ದು ಕಳೆಯಬಾರದಲ್ಲ. ಬಳೆಗೆ ನಾಲ್ಕು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡೇ ಇರುತ್ತಿದ್ದ ಅಮ್ಮ ಕಣ್ಣ ಮುಂದೆ ಬಂದಳು. ಆ ಅಜ್ಜಿಯ ಪಕ್ಕ ಕೂತಿದ್ದವರೂ ಈಗ ಶಾಲಿಗೆ ಹಾಕಿದ್ದು ಅದೇ ಸೇಫ್ಟಿ ಪಿನ್ನು.

ವಾಪಸ್ ಬರುವಾಗ ಏರ್‌ಪೋರ್ಟಿನ ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿ ಅಂದರು. ಇವರು ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಿಂತಿದ್ದರು.

"ಎಷ್ಟಕ್ಕೆ ಕೊಡ್ತೀರಿ?" ಅಂದೆ. ವಿಮಾನ ಹತ್ತುವವರೆಗೂ ನನ್ನ ಜೊತೆ ಮಾತಾಡಲಿಲ್ಲ.