ಮಡಿಕೆಯೊಳಗಿನ ಕಡುಗೆಂಪು

17 ನವೆಂಬರ್ 2024, ಭಾನುವಾರ

ಹಿರಿಯ ಸಂಗ್ರಹಕಾರರೊಬ್ಬರು ಕಳಿಸಿದ ಲಕೋಟೆಯನ್ನು ಬೆಳಿಗ್ಗೆ ಬಿಚ್ಚಿದೆ. ಒಳಗೆ ಸೇನಾ ಪದಕಗಳ ರಿಬ್ಬನ್ ತುಂಡುಗಳು, ಒಟ್ಟು 43. ಪದಕ ಒಂದೂ ಇಲ್ಲ. ರಿಬ್ಬನ್ ಸವೆದರೆ ಕಿತ್ತು ಹೊಸದು ಹಾಕುವುದು ಮೊದಲಿಂದಲೂ ಇದೆ. ಲೋಹ ಉಳಿಯುತ್ತದೆ, ಬಟ್ಟೆ ಕಸಕ್ಕೆ ಹೋಗುತ್ತದೆ. ನನಗೆ ಆ ಬಟ್ಟೆಯ ಮೇಲೇ ಪ್ರೀತಿ ಜಾಸ್ತಿ. ಪದಕವನ್ನು ದೊಡ್ಡ ದಿನಗಳಲ್ಲಿ ಮಾತ್ರ ಹಾಕುತ್ತಾರೆ. ಉಳಿದ ದಿನಗಳಲ್ಲಿ ಸೈನಿಕನ ಎದೆಯ ಮೇಲಿರುವುದು ರಿಬ್ಬನ್ನೇ ಅಲ್ವಾ?

ಕೆಲವನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಡುವೆ ಕೆಂಪು, ಅಲ್ಲಿಂದ ಎರಡೂ ಕಡೆಗೆ ಕಾಮನಬಿಲ್ಲು: ಅದು ಮೊದಲ ಮಹಾಯುದ್ಧದ ವಿಕ್ಟರಿ ಪದಕದ್ದು. ಹಸಿರು ಬಟ್ಟೆಯ ಮೇಲೆ ಸಣ್ಣ ಕೆಂಪು ಗೀಟುಗಳಿದ್ದರೆ ಫ್ರಾನ್ಸಿನ 1914–18ರ ಯುದ್ಧ ಪದಕ, ಕ್ರ್ವಾ ದ ಗೇರ್. 1939ರಲ್ಲಿ ಮತ್ತೆ ಯುದ್ಧ ಬಂದಾಗ ಬಣ್ಣಗಳನ್ನು ಅದಲುಬದಲು ಮಾಡಿದರು, ಕೆಂಪಿನ ಮೇಲೆ ಹಸಿರು ಗೀಟು ಬಂತು. ಇಂಥವನ್ನು ಪಕ್ಕಕ್ಕೆ ಇಟ್ಟೆ.

ಆಮೇಲೆ ಕೈಗೆ ಬಂದಿದ್ದು ಒಂದು ಕಡುಗೆಂಪು ತುಂಡು. ಗೀಟಿಲ್ಲ, ಅಂಚಿಲ್ಲ, ಬರೀ ಕೆಂಪು. ಎರಡು ಕಡೆ ಪಿನ್ ಚುಚ್ಚಿದ ತೂತು, ಸುತ್ತ ತುಕ್ಕಿನ ಕಲೆ. ಅರ್ಧ ದಿನ ಇದರ ಜೊತೆಯೇ ಕಳೆಯಿತು.

ಬರೀ ಕಡುಗೆಂಪು ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು 1856ರಲ್ಲಿ ಶುರುವಾದ ವಿಕ್ಟೋರಿಯಾ ಕ್ರಾಸ್, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಆಗ ಭೂಸೇನೆಗೆ ಕಡುಗೆಂಪು ರಿಬ್ಬನ್, ನೌಕಾಪಡೆಗೆ ನೀಲಿ. 1918ರಲ್ಲಿ ವಾಯುಪಡೆ ಹುಟ್ಟಿದ ಮೇಲೆ ಎಲ್ಲರಿಗೂ ಕಡುಗೆಂಪೇ ಆಯಿತು. ಆದರೆ ಆ ರಿಬ್ಬನ್ ಅಗಲ 38 ಮಿಲಿಮೀಟರ್. ಸ್ಕೇಲ್ ಇಟ್ಟು ಅಳೆದೆ. ನನ್ನದು 32.

ಹಾಗಾದರೆ ಇದು ಬ್ರಿಟಿಷ್ ಸೇನೆಯ ಲಾಂಗ್ ಸರ್ವಿಸ್ ಅಂಡ್ ಗುಡ್ ಕಂಡಕ್ಟ್ ಪದಕದ್ದಿರಬಹುದು, ಇಲ್ಲವೇ ಮೆರಿಟೋರಿಯಸ್ ಸರ್ವಿಸ್ ಪದಕದ್ದು. ಎರಡಕ್ಕೂ ಆಗ ಇದೇ ಬಣ್ಣ. ಮೊದಲನೆಯದು 1830ರಿಂದ ಇದೆ. 1870ರ ನಂತರ ಅದಕ್ಕೆ 18 ವರ್ಷದ ಕಪ್ಪುಚುಕ್ಕೆ ಇಲ್ಲದ ಸೇವೆ ಬೇಕಿತ್ತು. ಯಾವ ಕೋಟೆಯನ್ನೂ ಗೆಲ್ಲದೆ, ದಿನಾ ಎದ್ದು ತನ್ನ ಕೆಲಸ ಮಾಡಿದವನ ಪದಕ. ಅದಕ್ಕೆ ನನಗೆ ಇದು ಅಷ್ಟು ಇಷ್ಟ. ರಿಬ್ಬನ್ ಮಾತ್ರ ತೊಟ್ಟಾಗ ಅದು ವಿಕ್ಟೋರಿಯಾ ಕ್ರಾಸ್‌ನ ಹಾಗೇ ಕಾಣುತ್ತಿತ್ತು. ಈ ಗೊಂದಲ ಬೇಡವೆಂದು 1916ರಲ್ಲಿ ಎರಡೂ ಅಂಚಿಗೆ ಬಿಳಿ ಗೀಟು ಸೇರಿಸಿದರು. ಮೆರಿಟೋರಿಯಸ್ ಪದಕಕ್ಕೆ ಮರುವರ್ಷ ನಡುವೆ ಇನ್ನೊಂದು ಬಿಳಿ ಗೀಟೂ ಬಂತು.

ಅಂದರೆ ಬಿಳಿ ಅಂಚಿಲ್ಲದ ಈ ತುಂಡಿನ ಮಾದರಿ 1916ಕ್ಕಿಂತ ಹಳೆಯದು. ಮಾದರಿ ಹಳೆಯದು ಅಂದೆ, ಬಟ್ಟೆ ಅನ್ನಲಿಲ್ಲ. ರಿಬ್ಬನ್ ವಯಸ್ಸು ಹೇಳುವಾಗ ಹೆಚ್ಚಿನವರು ಎಡವುವುದು ಇಲ್ಲೇ. ನೂರು ವರ್ಷ ಹಿಂದಿನ ಬಣ್ಣವನ್ನು ನಿನ್ನೆ ಮೊನ್ನೆ ನೇಯ್ದಿರಬಹುದು.

ಮಧ್ಯಾಹ್ನ ಅದಕ್ಕೊಂದು ಉದಾಹರಣೆಯೂ ಸಿಕ್ಕಿತು. ಅಡ್ಡಡ್ಡ ಗೀಟಿನ ನೇರಳೆ-ಬಿಳಿ ತುಂಡು ಕಂಡಾಗ ಕೈ ನಡುಗಿತು. ಬ್ರಿಟಿಷ್ ವಾಯುಪಡೆಯ ಶೌರ್ಯ ಪದಕ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್! ಜೂನ್ 1918ರಲ್ಲಿ ಶುರುವಾದಾಗ ಅದರ ಗೀಟುಗಳು ಅಡ್ಡಕ್ಕೆ ಇದ್ದವು. 1919ರಲ್ಲಿ ಅವನ್ನು ಓರೆ ಮಾಡಿದರು, ಈಗಲೂ ಓರೆಯೇ. ಸುಮಾರು ಒಂದು ವರ್ಷ ಮಾತ್ರ ಬಾಳಿದ ಮಾದರಿ ಅದು. ಕೋಣೆ ಕತ್ತಲು ಮಾಡಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದೆ. ಬಿಳಿ ಗೀಟುಗಳು ತಿಳಿನೀಲಿಯಾಗಿ ಧಗ್ಗನೆ ಹೊಳೆದವು. ಬಿಳುಪು ಹೆಚ್ಚಿಸುವ ರಾಸಾಯನಿಕದ ಹೊಳಪು ಅದು. ಇಂಥ ರಾಸಾಯನಿಕಗಳ ಬಳಕೆ ಹರಡಿದ್ದು 1940ರ ದಶಕದಿಂದ ಈಚೆಗೆ.

ಆದರೂ ಟಾರ್ಚ್ ಮಾತನ್ನೇ ಕೊನೆಯದು ಅಂದುಕೊಳ್ಳಬಾರದು. ಹಳೇ ಹತ್ತಿಯ ರಿಬ್ಬನ್ನನ್ನು ಯಾರೋ ಇವತ್ತಿನ ಡಿಟರ್ಜೆಂಟ್‌ನಲ್ಲಿ ಒಗೆದಿದ್ದರೂ ಹೀಗೇ ಹೊಳೆಯುತ್ತದೆ. ಪಾಪ, ಒಗೆದವರು ಒಳ್ಳೆಯದಕ್ಕೇ ಮಾಡಿರುತ್ತಾರೆ. ಅದಕ್ಕೇ ಕತ್ತರಿಸಿದ ತುದಿಯಿಂದ ಒಂದೇ ಒಂದು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿದೆ. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಹತ್ತಿ, ರೇಯಾನ್ ಕಾಗದದ ಹಾಗೆ ಉರಿಯುತ್ತವೆ. ಇದು ಕರಗಿ ಗಟ್ಟಿ ಗುಂಡಾಯಿತು. ಪಾಲಿಯೆಸ್ಟರ್. ಆ ನಾರನ್ನು ಕಂಡುಹಿಡಿದದ್ದೇ 1941ರಲ್ಲಿ. ಬೇಜಾರಾಯಿತು, ನಿಜ. ಆದರೆ ಇದನ್ನು ಮೋಸ ಅನ್ನಲಾರೆ. ರಿಬ್ಬನ್ ಕಳೆದುಕೊಂಡ ಯಾವುದೋ 1918ರ ಪದಕಕ್ಕೆ ತೊಡಿಸಲು ನೇಯ್ದಿರುತ್ತಾರೆ. ಹಳೆಯದು ಅಂತ ಹೇಳಿ ಮಾರಿದಾಗ ಮಾತ್ರ ಅದು ಮೋಸ.

ಸಂಜೆ ಮತ್ತೆ ಕಡುಗೆಂಪಿಗೆ ಬಂದೆ. ಭೂತಗನ್ನಡಿಯಲ್ಲಿ ಹಾಸು-ಹೊಕ್ಕು ನೋಡಿದೆ. ಎಳೆಗಳು ತುಂಬಾ ಸಣ್ಣ, ಒತ್ತೊತ್ತಾಗಿವೆ. ಬಿಡಿಸಿಕೊಂಡಿದ್ದ ಎಳೆ ಸುಟ್ಟಾಗ ಕೂದಲಿನ ವಾಸನೆ ಬಂತು. ರೇಷ್ಮೆಯೇ. ಹಿಂದಕ್ಕೆ ಮಡಚಿದ್ದ ಭಾಗವನ್ನು ಒಂದು ಕಡೆ ಮಾತ್ರ ಮೆಲ್ಲಗೆ ಎತ್ತಿದೆ. ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳುವುದು, ಉಸಿರು ಬಿಗಿ ಹಿಡಿದುಕೊಂಡೇ ಎತ್ತಿದೆ. ಮೇಲೆ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಒಳಗೆ ಬೆಳಕು ಬೀಳದ ಕಡೆ, ದಾಳಿಂಬೆ ಕಾಳಿನಂಥ ಕೆಂಪು ಹಾಗೇ ಇದೆ. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಇಸ್ತ್ರಿ ಮಾಡಲಿಲ್ಲ, ತುಕ್ಕಿನ ಕಲೆ ತೆಗೆಯಲಿಲ್ಲ. ಮಡಿಕೆ ಇದ್ದ ಹಾಗೇ ಮುಚ್ಚಿ, ಆಮ್ಲರಹಿತ ಕಾಗದದಲ್ಲಿ ಸುತ್ತಿದೆ. ಚೀಟಿಯಲ್ಲಿ ಬರೆದಿದ್ದು ಇಷ್ಟು: "ಕಡುಗೆಂಪು, 32 ಮಿ.ಮೀ., ರೇಷ್ಮೆ, ಪಿನ್ ತೂತು ಎರಡು. 1916ಕ್ಕೆ ಮುಂಚಿನ ಮಾದರಿ. ಎರಡರಲ್ಲಿ ಯಾವ ಪದಕದ್ದೋ ಹೇಳಲಾಗದು."

ಇನ್ನೂ 20 ತುಂಡು ಬಾಕಿ ಇವೆ. ನಾಳೆ ಹಗಲು ಬೆಳಕಿನಲ್ಲಿ ನೋಡುತ್ತೇನೆ.